ಟ್ರ್ಯಾಕ್ಟರ್ ಮತ್ತು ಟ್ರೇಲರ್ ಟೈರುಗಳ ನಿರ್ವಹಣೆ: ಹೊಲಕ್ಕೊಂದು ಗಾಳಿ, ರಸ್ತೆಗೊಂದು ಗಾಳಿ

ಟ್ರ್ಯಾಕ್ಟರ್ ಕೊಂಡ ರೈತರು ಎಂಜಿನ್ ಆಯಿಲ್ ಬದಲಿಸುವ ದಿನವನ್ನು ನೆನಪಿಟ್ಟುಕೊಳ್ಳುತ್ತಾರೆ, ಏರ್ ಕ್ಲೀನರ್ ಶುಚಿಗೊಳಿಸುತ್ತಾರೆ, ಗ್ರೀಸ್ ಹಚ್ಚುತ್ತಾರೆ. ಆದರೆ ಟೈರುಗಳ ಕಡೆಗೆ ಗಮನ ಹರಿಯುವುದು ಬಹುತೇಕ ಪಂಕ್ಚರ್ ಆದಾಗ ಮಾತ್ರ. ಎಂಜಿನ್ನಿನ ಶಕ್ತಿ ಎಷ್ಟೇ ಇರಲಿ, ಅದು ನೇಗಿಲನ್ನು ಎಳೆಯುವ ಶಕ್ತಿಯಾಗಿ ಪರಿವರ್ತನೆಗೊಳ್ಳುವುದು ಹಿಂದಿನ ಎರಡು ಟೈರುಗಳು ಮಣ್ಣನ್ನು ಹಿಡಿಯುವ ಅಂಗೈಯಗಲದ ಜಾಗದಲ್ಲಿ. ಆ ಹಿಡಿತ ಸಡಿಲವಾದರೆ ಡೀಸೆಲ್ ಸುಡುತ್ತದೆ, ಕೆಲಸ ಸಾಗುವುದಿಲ್ಲ. ರಸ್ತೆಯ ಮೇಲೆ ಭಾರ ಹೇರಿದ ಟ್ರೇಲರಿನ ಟೈರು ಒಡೆದರೆ ನಷ್ಟ ಹಣದಲ್ಲಿ ಮುಗಿಯದೆ ಜೀವಕ್ಕೂ ತಗುಲಬಹುದು.

ನಮ್ಮ ರಾಜ್ಯದ ಹೆಚ್ಚಿನ ಟ್ರ್ಯಾಕ್ಟರುಗಳು ಎರಡು ಬಗೆಯ ಬದುಕು ನಡೆಸುತ್ತವೆ. ಮುಂಗಾರಿನಲ್ಲಿ ಎರೆ ಅಥವಾ ಕೆಂಪು ಭೂಮಿಯಲ್ಲಿ ಉಳುಮೆ, ಕಾಲುವೆ ನೀರಾವರಿ ಪ್ರದೇಶದಲ್ಲಿ ಭತ್ತದ ಗದ್ದೆಯ ಕೆಸರು ಕೆಲಸ. ಹಿಂಗಾರು ಮುಗಿಯುವ ಹೊತ್ತಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮಂಡ್ಯ ಮುಂತಾದ ಜಿಲ್ಲೆಗಳಲ್ಲಿ ಕಬ್ಬು ಸಾಗಣೆ, ಉಳಿದೆಡೆ ಗೊಬ್ಬರ, ಮಣ್ಣು, ಇಟ್ಟಿಗೆ, ಫಸಲಿನ ಸಾಗಣೆ. ಈ ಎರಡು ಕೆಲಸಗಳು ಟೈರಿನಿಂದ ಬಯಸುವ ಗಾಳಿಯ ಒತ್ತಡ ಬೇರೆ ಬೇರೆ. ವರ್ಷಕ್ಕೊಮ್ಮೆ ಗಾಳಿ ತುಂಬಿಸಿ ಅದೇ ಒತ್ತಡದಲ್ಲಿ ಎರಡೂ ಕೆಲಸ ಮಾಡಿಸುವುದೇ ನಮ್ಮಲ್ಲಿ ಟೈರುಗಳು ಬೇಗ ಹಾಳಾಗಲು ಮುಖ್ಯ ಕಾರಣ. ಈ ಲೇಖನದ ಬಹುಪಾಲು ಇದೇ ವಿಷಯಕ್ಕೆ ಸಂಬಂಧಿಸಿದ್ದು.

ಟೈರಿನ ಮೇಲಿನ ಬರಹವನ್ನು ಓದುವುದು

ಟೈರಿನ ಮಗ್ಗುಲಲ್ಲಿ ಅಚ್ಚೊತ್ತಿರುವ ಅಂಕಿಗಳನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಉದಾಹರಣೆಗೆ 13.6-28 ಎಂದಿದ್ದರೆ ಟೈರಿನ ಅಗಲ ಸುಮಾರು 13.6 ಅಂಗುಲ, ಅದು ಕೂರುವ ರಿಮ್ಮಿನ ವ್ಯಾಸ 28 ಅಂಗುಲ ಎಂದು ಅರ್ಥ. ನಮ್ಮಲ್ಲಿ ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗೆ 12.4-28, 13.6-28, 14.9-28 ಮತ್ತು 16.9-28, ಮುಂದಿನ ಚಕ್ರಗಳಿಗೆ 6.00-16, 6.50-16 ಮತ್ತು 7.50-16 ಗಾತ್ರದ ಟೈರುಗಳು ಬಳಕೆಯಲ್ಲಿವೆ. ಎರಡು ಅಂಕಿಗಳ ನಡುವೆ ಅಡ್ಡಗೆರೆ ಇದ್ದರೆ ಅದು ಸಾಮಾನ್ಯ ಅಡ್ಡನೂಲಿನ ಟೈರು. 'ಆರ್' ಅಕ್ಷರ ಇದ್ದರೆ ರೇಡಿಯಲ್ ಟೈರು. ಒಂದೇ ಆಕ್ಸೆಲಿನಲ್ಲಿ ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ಸಾಮಾನ್ಯ ಟೈರು ಹಾಕಬಾರದು.

'ಪಿ.ಆರ್.' ಎಂಬ ಅಕ್ಷರಗಳ ಜೊತೆಗಿರುವ 8, 12, 16 ಮುಂತಾದ ಅಂಕಿ ಟೈರಿನ ಬಲದ ದರ್ಜೆಯನ್ನು ಸೂಚಿಸುತ್ತದೆ. 12 ಪಿ.ಆರ್. ಎಂದರೆ ಒಳಗೆ ಹನ್ನೆರಡು ಪದರ ಇದೆ ಎಂದು ಅನೇಕರು ತಿಳಿದಿದ್ದಾರೆ. ಹತ್ತಿಯ ನೂಲಿನ ಕಾಲದಲ್ಲಿ ಅದು ನಿಜವಾಗಿತ್ತು. ಈಗ ನೈಲಾನ್ ನೂಲಿನಿಂದ ಕಡಿಮೆ ಪದರಗಳಲ್ಲೇ ಅಷ್ಟು ಬಲ ದೊರೆಯುತ್ತದೆ. ದರ್ಜೆ ಹೆಚ್ಚಾದಂತೆ ಹೆಚ್ಚು ಗಾಳಿಯನ್ನೂ, ಆ ಮೂಲಕ ಹೆಚ್ಚು ಭಾರವನ್ನೂ ತಡೆಯುವ ಶಕ್ತಿ ಇರುತ್ತದೆ.

ವೇಗದ ಸಂಕೇತವನ್ನು ಗಮನಿಸುವವರು ಕಡಿಮೆ. 'ಎ6' ಎಂದಿದ್ದರೆ ಆ ಟೈರು ಗಂಟೆಗೆ 30 ಕಿ.ಮೀ. ವೇಗಕ್ಕೆ, 'ಎ8' ಎಂದಿದ್ದರೆ 40 ಕಿ.ಮೀ. ವೇಗಕ್ಕೆ ತಯಾರಾಗಿರುತ್ತದೆ. ಭಾರ ಹೇರಿಕೊಂಡು ಇದಕ್ಕಿಂತ ವೇಗವಾಗಿ ಓಡಿಸಿದರೆ ಟೈರಿನ ಒಳಗೆ ಶಾಖ ಏರುತ್ತದೆ. ತಯಾರಿಕೆಯ ದಿನಾಂಕವನ್ನು ನಾಲ್ಕು ಅಂಕಿಗಳಲ್ಲಿ ನಮೂದಿಸಿರುತ್ತಾರೆ: 3223 ಎಂದರೆ 2023ನೇ ವರ್ಷದ 32ನೇ ವಾರ.

ಗಾಳಿಯ ಒತ್ತಡ

ಭಾರವನ್ನು ಹೊರುವುದು ರಬ್ಬರ್ ಅಲ್ಲ, ಒಳಗಿರುವ ಗಾಳಿ. ಟೈರು ಆ ಗಾಳಿಯನ್ನು ಹಿಡಿದಿಡುವ ಚೀಲ ಮಾತ್ರ. ಆದ್ದರಿಂದ ಎಷ್ಟು ಭಾರ, ಎಷ್ಟು ವೇಗ ಎಂಬುದರ ಮೇಲೆ ಎಷ್ಟು ಗಾಳಿ ಬೇಕೆಂಬುದು ನಿರ್ಧಾರವಾಗುತ್ತದೆ.

ಹೊಲದಲ್ಲಿ ವೇಗ ಕಡಿಮೆ, ನೆಲ ಮೆದು. ಇಲ್ಲಿ ಕಡಿಮೆ ಒತ್ತಡ ಅನುಕೂಲಕರ. ಟೈರು ಸ್ವಲ್ಪ ಅಗಲವಾಗಿ ನೆಲಕ್ಕೆ ತಾಗುತ್ತದೆ, ಹೆಚ್ಚು ಹಲ್ಲುಗಳು ಏಕಕಾಲದಲ್ಲಿ ಮಣ್ಣನ್ನು ಹಿಡಿಯುತ್ತವೆ, ಎಳೆಯುವ ಶಕ್ತಿ ಹೆಚ್ಚುತ್ತದೆ. ಇನ್ನೊಂದು ಲಾಭವೂ ಇದೆ. ಟೈರು ಮಣ್ಣಿನ ಮೇಲ್ಪದರದ ಮೇಲೆ ಹೇರುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಕಲ್ಲಿನಂತೆ ಗಾಳಿ ತುಂಬಿದ ಟೈರಿನಿಂದ ಹಸಿಯಾದ ಎರೆ ಭೂಮಿಯಲ್ಲಿ ಓಡಾಡಿದರೆ ಚಕ್ರದ ಜಾಡಿನಲ್ಲಿ ಮಣ್ಣು ಬಿಗಿದುಕೊಂಡು, ಮುಂದಿನ ಬೆಳೆಯ ಬೇರು ಆ ಜಾಗದಲ್ಲಿ ಸಲೀಸಾಗಿ ಇಳಿಯುವುದಿಲ್ಲ. ಬೆಳೆ ಸಾಲುಗಳಲ್ಲಿ ಚಕ್ರ ಹೋದ ಜಾಡು ಮಾತ್ರ ಕುಂಠಿತವಾಗಿ ಬೆಳೆದಿರುವುದನ್ನು ರೈತರೇ ಕಂಡಿರುತ್ತಾರೆ.

ರಸ್ತೆಯ ಮೇಲೆ ಸ್ಥಿತಿ ತದ್ವಿರುದ್ಧ. ನೆಲ ಬಾಗುವುದಿಲ್ಲ, ಬಾಗುವುದು ಟೈರು ಮಾತ್ರ. ಗಾಳಿ ಕಡಿಮೆ ಇದ್ದರೆ ಪ್ರತಿ ಸುತ್ತಿನಲ್ಲೂ ಮಗ್ಗುಲು ಮಡಚಿ ಬಿಚ್ಚಿಕೊಳ್ಳುತ್ತದೆ, ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗುವಂತೆ ಒಳಗಿನ ನೂಲುಗಳು ಬಿಸಿಯಾಗುತ್ತವೆ. ಕಾಲಕ್ರಮದಲ್ಲಿ ರಬ್ಬರಿಗೂ ನೂಲಿಗೂ ಇರುವ ಬಂಧ ಬಿಟ್ಟು ಟೈರು ಉಬ್ಬುತ್ತದೆ, ಬಳಿಕ ಒಡೆಯುತ್ತದೆ.

ಎರಡು ಚಕ್ರ ಚಾಲನೆಯ ಮಧ್ಯಮ ಗಾತ್ರದ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಟೈರುಗಳಿಗೆ ಹೊಲದ ಕೆಲಸದಲ್ಲಿ 12ರಿಂದ 14 ಪಿ.ಎಸ್.ಐ., ಅಂದರೆ ಪ್ರತಿ ಚದರ ಸೆಂ.ಮೀ.ಗೆ ಸುಮಾರು 0.8ರಿಂದ 1.0 ಕಿ.ಗ್ರಾಂ, ಸಾಗಣೆಯಲ್ಲಿ 16ರಿಂದ 20 ಪಿ.ಎಸ್.ಐ., ಅಂದರೆ ಸುಮಾರು 1.1ರಿಂದ 1.4 ಕಿ.ಗ್ರಾಂ ಒತ್ತಡ ಬಳಕೆಯಲ್ಲಿದೆ. ಮುಂದಿನ ಟೈರುಗಳಿಗೆ 24ರಿಂದ 30 ಪಿ.ಎಸ್.ಐ. ಇವು ಅಂದಾಜು ಮಿತಿಗಳು. ತಮ್ಮ ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಆ ಟೈರು ಗಾತ್ರಕ್ಕೆ ಕೊಟ್ಟಿರುವ ಅಂಕಿಯನ್ನೇ ಅಂತಿಮವೆಂದು ಪರಿಗಣಿಸುವುದು ಸೂಕ್ತ. ಲೋಡರ್ ಅಥವಾ ಇತರ ಭಾರದ ಉಪಕರಣವನ್ನು ಮುಂದೆ ಜೋಡಿಸಿದ್ದರೆ ಮುಂದಿನ ಟೈರಿನ ಒತ್ತಡವನ್ನು ಕೈಪಿಡಿ ಹೇಳಿದಷ್ಟು ಹೆಚ್ಚಿಸಬೇಕು.

ಇಲ್ಲಿ ಒಂದು ಪ್ರಾಯೋಗಿಕ ತೊಡಕಿದೆ. ಹೆದ್ದಾರಿ ಬದಿಯ ಟೈರು ಅಂಗಡಿಗಳಲ್ಲಿರುವ ಗೇಜುಗಳು ಲಾರಿ ಟೈರಿಗಾಗಿ ಇರುವಂಥವು; ನೂರಕ್ಕೂ ಮಿಗಿಲಾದ ಪಿ.ಎಸ್.ಐ. ತನಕ ಅಳೆಯುತ್ತವೆ. ಅಂತಹ ಗೇಜಿನಲ್ಲಿ 12 ಪಿ.ಎಸ್.ಐ. ಎಂಬುದು ಮುಳ್ಳು ಸೊನ್ನೆಯಿಂದ ಸ್ವಲ್ಪ ಕದಲುವಷ್ಟು ಮಾತ್ರ. 12 ಮತ್ತು 18ರ ನಡುವಿನ ವ್ಯತ್ಯಾಸ ಅಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಟೈರನ್ನು ಕಾಲಿನಿಂದ ಒದ್ದು ನೋಡುವುದರಿಂದ, ಸುತ್ತಿಗೆಯಿಂದ ತಟ್ಟಿ ಕೇಳುವುದರಿಂದ ತಿಳಿಯುವುದು ಇನ್ನೂ ಕಡಿಮೆ. ಆದ್ದರಿಂದ ಕಡಿಮೆ ಒತ್ತಡವನ್ನು ಅಳೆಯುವ ಸ್ವಂತ ಗೇಜು ಒಂದನ್ನು ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬೇಕು. ಕೃಷಿ ಯಂತ್ರೋಪಕರಣಗಳಲ್ಲಿ ಇಷ್ಟು ಕಡಿಮೆ ಬೆಲೆಗೆ ಇಷ್ಟು ಲಾಭ ಕೊಡುವ ವಸ್ತು ಬೇರೊಂದು ಸಿಗಲಾರದು ಎಂದರೆ ಅತಿಶಯೋಕ್ತಿ ಅಲ್ಲ. ಟೈರಿಗೆ ನೀರು ತುಂಬಿದ್ದರೆ ವಾಲ್ವ್ ಮೇಲ್ಭಾಗಕ್ಕೆ ಬರುವಂತೆ ಚಕ್ರವನ್ನು ನಿಲ್ಲಿಸಿ ಅಳೆಯಬೇಕು. ಇಲ್ಲದಿದ್ದರೆ ನೀರು ಗೇಜಿನೊಳಗೆ ನುಗ್ಗಿ ಅದನ್ನು ಕೆಡಿಸುತ್ತದೆ.

ಅಳತೆಯನ್ನು ಬೆಳಿಗ್ಗೆ, ಕೆಲಸ ಆರಂಭಿಸುವ ಮೊದಲು, ಟೈರು ತಣ್ಣಗಿರುವಾಗ ಮಾಡಬೇಕು. ಟೈರಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ 14 ಪಿ.ಎಸ್.ಐ. ಇರುವ ಟೈರಿನಲ್ಲಿ ಸುಮಾರು 1 ಪಿ.ಎಸ್.ಐ. ಹೆಚ್ಚಾಗಿ ತೋರುತ್ತದೆ. ಸಾಗಣೆ ನಡುವೆ ಟೈರು ಬಿಸಿಯಾಗಿ ಒತ್ತಡ ಏರಿದೆಯೆಂದು ಗಾಳಿ ಬಿಡುವ ಅಭ್ಯಾಸ ಕೆಲವು ಚಾಲಕರಲ್ಲಿದೆ. ಇದು ತಪ್ಪು. ತಣ್ಣಗಾದ ಮೇಲೆ ಅದೇ ಟೈರಿನಲ್ಲಿ ಗಾಳಿ ಕಡಿಮೆಯಾಗಿ, ಮರುದಿನ ಇನ್ನಷ್ಟು ಬಿಸಿಯಾಗುತ್ತದೆ. ಎಡ ಮತ್ತು ಬಲ ಟೈರುಗಳ ಒತ್ತಡ ಸಮನಾಗಿರಬೇಕು. ಅಸಮವಾಗಿದ್ದರೆ ಟ್ರ್ಯಾಕ್ಟರ್ ಒಂದು ಕಡೆ ಎಳೆಯುತ್ತದೆ, ಬದುವಿನಂಚಿನಲ್ಲಿ ವಾಲುವ ಅಪಾಯವೂ ಇರುತ್ತದೆ. ವಾಲ್ವಿನ ಮುಚ್ಚಳ ಕಳೆದುಹೋಗಿದ್ದರೆ ಕೂಡಲೇ ಹೊಸದನ್ನು ಹಾಕಿಕೊಳ್ಳಬೇಕು. ಕೆಸರು ವಾಲ್ವಿನ ಪಿನ್ನಿಗೆ ಸೇರಿ ಗಾಳಿ ನಿಧಾನವಾಗಿ ಸೋರಲು ಅದೊಂದೇ ಸಾಕು.

ಚಕ್ರ ಜಾರುವಿಕೆ: ಹೊಲದಲ್ಲೇ ಅಳೆಯಬಹುದು

ನೇಗಿಲು ಎಳೆಯುವಾಗ ಹಿಂದಿನ ಚಕ್ರ ಸ್ವಲ್ಪ ಜಾರಿಯೇ ಜಾರುತ್ತದೆ; ಜಾರದೆ ಎಳೆತ ಹುಟ್ಟುವುದಿಲ್ಲ. ಹದವಾದ ಹೊಲದಲ್ಲಿ ಶೇ. 8ರಿಂದ 15ರಷ್ಟು ಜಾರುವಿಕೆ ಸರಿಯಾದ ಮಟ್ಟ. ಶೇ. 20 ಮೀರಿದರೆ ಹಲ್ಲುಗಳು ಮಣ್ಣಿಗೆ ಉಜ್ಜಿ ಸವೆಯುತ್ತವೆ, ಡೀಸೆಲ್ ವ್ಯರ್ಥವಾಗುತ್ತದೆ. ತೀರಾ ಕಡಿಮೆ ಇದ್ದರೆ ಟ್ರ್ಯಾಕ್ಟರಿಗೆ ಅಗತ್ಯಕ್ಕಿಂತ ಹೆಚ್ಚು ತೂಕ ಹೇರಲಾಗಿದೆ ಎಂದರ್ಥ. ಆ ತೂಕವನ್ನು ಹೊತ್ತೊಯ್ಯಲು ಕೂಡ ಡೀಸೆಲ್ ಖರ್ಚಾಗುತ್ತದೆ, ಮಣ್ಣೂ ಬಿಗಿಯುತ್ತದೆ.

ಅಳೆಯುವ ವಿಧಾನ ಸರಳ. ಹಿಂದಿನ ಚಕ್ರದ ಮಗ್ಗುಲಲ್ಲಿ ಸುಣ್ಣದಿಂದ ಒಂದು ಗುರುತು ಹಾಕಿ. ಉಳುಮೆ ಮಾಡಬೇಕಾದ ಹೊಲದಲ್ಲೇ ನೇಗಿಲನ್ನು ಮೇಲೆತ್ತಿ ಚಕ್ರ ಹತ್ತು ಸುತ್ತು ಸುತ್ತುವಷ್ಟು ದೂರ ಟ್ರ್ಯಾಕ್ಟರ್ ಓಡಿಸಿ, ಆ ದೂರವನ್ನು ಟೇಪಿನಿಂದ ಅಳೆಯಿರಿ. ಬಳಿಕ ನೇಗಿಲನ್ನು ಇಳಿಸಿ, ಅದೇ ಗೇರಿನಲ್ಲಿ ಮತ್ತೆ ಹತ್ತು ಸುತ್ತಿಗೆ ಎಷ್ಟು ದೂರ ಹೋಯಿತೆಂದು ಅಳೆಯಿರಿ. ಮೊದಲ ದೂರ 41 ಮೀಟರ್, ಎರಡನೆಯದು 35 ಮೀಟರ್ ಎಂದಿಟ್ಟುಕೊಳ್ಳೋಣ. ವ್ಯತ್ಯಾಸ 6 ಮೀಟರ್. ಅದನ್ನು 41ರಿಂದ ಭಾಗಿಸಿ 100ರಿಂದ ಗುಣಿಸಿದರೆ ಸುಮಾರು ಶೇ. 15. ಇದು ತೃಪ್ತಿಕರ. ಎರಡನೆಯ ದೂರ 31 ಮೀಟರ್ ಮಾತ್ರ ಬಂದರೆ ಜಾರುವಿಕೆ ಶೇ. 24, ಏನಾದರೂ ಮಾಡಲೇಬೇಕು. ಗಾಳಿ ಹೆಚ್ಚಾಗಿದೆಯೇ ಎಂದು ಮೊದಲು ನೋಡಬೇಕು, ನಂತರ ಉಳುಮೆಯ ಆಳವನ್ನು ತುಸು ಕಡಿಮೆ ಮಾಡಬೇಕು, ಕೊನೆಗೆ ತೂಕ ಸೇರಿಸುವ ಯೋಚನೆ. ನಮ್ಮಲ್ಲಿ ಈ ಕ್ರಮ ತಲೆಕೆಳಗಾಗಿರುವುದೇ ಹೆಚ್ಚು: ಚಕ್ರ ಜಾರಿತೆಂದರೆ ಮೊದಲು ಇಬ್ಬರನ್ನು ನೇಗಿಲ ಮೇಲೆ ನಿಲ್ಲಿಸುತ್ತಾರೆ. ಇದು ಪ್ರಾಣಾಪಾಯದ ರೂಢಿ. ಯಾವ ಕಾರಣಕ್ಕೂ ಮಾಡಕೂಡದು.

ತೂಕ ಹೆಚ್ಚಿಸಲು ಎರಕದ ಕಬ್ಬಿಣದ ತೂಕಗಳನ್ನು ಚಕ್ರಕ್ಕೆ ಜೋಡಿಸಬಹುದು ಅಥವಾ ಹಿಂದಿನ ಟೈರುಗಳಿಗೆ ನೀರು ತುಂಬಬಹುದು. ಚಕ್ರವನ್ನು ಜಾಕಿನಿಂದ ಎತ್ತಿ, ವಾಲ್ವ್ ಮೇಲ್ಭಾಗದಲ್ಲಿರುವಂತೆ ತಿರುಗಿಸಿ, ಪಿನ್ ತೆಗೆದು, ವಾಲ್ವಿನ ಮಟ್ಟಕ್ಕೆ ನೀರು ಬರುವ ತನಕ ತುಂಬಿದರೆ ಟೈರಿನ ಸುಮಾರು ಶೇ. 75 ಭಾಗ ತುಂಬಿದಂತಾಗುತ್ತದೆ. ಉಳಿದ ಜಾಗಕ್ಕೆ ಗಾಳಿ ತುಂಬಿ ನಿಗದಿತ ಒತ್ತಡಕ್ಕೆ ತರಬೇಕು. 12.4-28ರಿಂದ 14.9-28ರವರೆಗಿನ ಗಾತ್ರಗಳಲ್ಲಿ ಪ್ರತಿ ಟೈರಿಗೆ ಸುಮಾರು 140ರಿಂದ 220 ಲೀಟರ್ ನೀರು ಹಿಡಿಯುತ್ತದೆ. ಅಷ್ಟೇ ಕಿಲೋಗ್ರಾಂ ತೂಕ ಹೆಚ್ಚುತ್ತದೆ. ಹಿಮ ಬೀಳುವ ದೇಶಗಳಲ್ಲಿ ನೀರು ಹೆಪ್ಪುಗಟ್ಟದಂತೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುವ ಪದ್ಧತಿ ಇದೆ. ನಮ್ಮ ಹವೆಗೆ ಅದು ಬೇಡ, ರಿಮ್ ತುಕ್ಕು ಹಿಡಿಯುತ್ತದೆ ಅಷ್ಟೆ. ಉಪ್ಪುನೀರಿನ ಬೋರ್‌ವೆಲ್ ಇರುವಲ್ಲಿ ಮಳೆನೀರು ಅಥವಾ ಕೆರೆಯ ತಿಳಿನೀರನ್ನು ಬಳಸುವುದು ಮೇಲು. ನೀರು ತುಂಬಿದ ಟೈರಿನಲ್ಲಿ ಗಾಳಿಯ ಜಾಗ ಕಿರಿದಾಗಿರುವುದರಿಂದ ಸಣ್ಣ ಸೋರಿಕೆಯಾದರೂ ಒತ್ತಡ ಬೇಗ ಇಳಿಯುತ್ತದೆ. ಹೆಚ್ಚು ಬಾರಿ ಪರೀಕ್ಷಿಸಬೇಕು. ಔಷಧ ಸಿಂಪಡಣೆ, ಎಡೆ ಹೊಡೆಯುವಂತಹ ಹಗುರ ಕೆಲಸಕ್ಕೆ ಇಳಿಯುವಾಗ ಈ ಹೆಚ್ಚುವರಿ ತೂಕವನ್ನು ತೆಗೆದುಬಿಡುವುದು ಉತ್ತಮ.

ವಾಲ್ವ್ ನೇರವಾಗಿ ನಿಲ್ಲದೆ ಓರೆಯಾಗಿದ್ದರೆ ಅದನ್ನು ಎಚ್ಚರಿಕೆಯ ಸೂಚನೆಯೆಂದು ತಿಳಿಯಬೇಕು. ಗಾಳಿ ತೀರಾ ಕಡಿಮೆಯಾಗಿ, ಭಾರದ ಎಳೆತದಲ್ಲಿ ಟೈರು ರಿಮ್ಮಿನ ಮೇಲೆಯೇ ಜಾರುತ್ತಿದೆ, ತನ್ನೊಂದಿಗೆ ಟ್ಯೂಬನ್ನೂ ಎಳೆಯುತ್ತಿದೆ ಎಂದರ್ಥ. ಹಾಗೆಯೇ ಬಿಟ್ಟರೆ ವಾಲ್ವ್ ಬುಡದಲ್ಲೇ ಹರಿಯುತ್ತದೆ.

ಟೈರು ಜೋಡಿಸುವ ದಿಕ್ಕು

ಹಿಂದಿನ ಟೈರಿನ ಹಲ್ಲುಗಳು, ಅಂದರೆ ಅಂಗಡಿ ಭಾಷೆಯಲ್ಲಿ ಬಟನ್, ಬಾಣದ ಆಕಾರದಲ್ಲಿರುತ್ತವೆ. ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿದಾಗ ಬಾಣದ ತುದಿ ಮೇಲ್ಮುಖವಾಗಿರಬೇಕು. ಆಗ ಮಧ್ಯದ ತುದಿ ಮೊದಲು ನೆಲವನ್ನು ಹೊಕ್ಕು ಮಣ್ಣು ಎರಡೂ ಬದಿಗೆ ಸರಿದುಹೋಗುತ್ತದೆ, ಟೈರು ತಾನೇ ಶುಚಿಯಾಗುತ್ತದೆ. ತಿರುಗುಮುರುಗಾಗಿ ಹಾಕಿದರೆ ಜಿಗುಟು ಎರೆಮಣ್ಣು ಹಲ್ಲುಗಳ ಸಂದಿಯಲ್ಲಿ ಕಟ್ಟಿಕೊಂಡು ಟೈರು ನುಣುಪಾದ ಉರುಳೆಯಂತಾಗುತ್ತದೆ. ಪಂಕ್ಚರ್ ಹಾಕಿದ ನಂತರ ಚಕ್ರಗಳು ಅದಲುಬದಲಾಗುವುದು ಅಪರೂಪವೇನಲ್ಲ. ಮಗ್ಗುಲಲ್ಲಿರುವ ಬಾಣದ ಗುರುತನ್ನು ನೋಡಿಯೇ ಜೋಡಿಸಬೇಕು.

ಮುಂದಿನ ಟೈರುಗಳು ಸವೆಯುವ ರೀತಿಯನ್ನು ನೋಡಿ ದೋಷವನ್ನು ಗುರುತಿಸಬಹುದು. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಒಂದೇ ಅಂಚು ಗರಗಸದಂತೆ ಸವೆದಿದ್ದರೆ ಚಕ್ರಗಳ ಒಳವಾಲು ತಪ್ಪಿದೆ. ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಬೇರಿಂಗ್ ಅಥವಾ ಬುಷ್ ಸಡಿಲವಾಗಿದೆ. ಒಳವಾಲು ಪರೀಕ್ಷಿಸಲು ಎರಡು ಚಕ್ರಗಳ ನಡುವಿನ ಅಂತರವನ್ನು ಹಬ್ಬಿನ ಎತ್ತರದಲ್ಲಿ ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆಯಬೇಕು. ಮುಂದಿನ ಅಂತರ ಹಿಂದಿನದಕ್ಕಿಂತ ಕೆಲವು ಮಿ.ಮೀ.ಗಳಷ್ಟು ಕಡಿಮೆ ಇರಬೇಕು; ಎಷ್ಟೆಂಬುದು ಕೈಪಿಡಿಯಲ್ಲಿರುತ್ತದೆ. ನಾಲ್ಕು ಚಕ್ರ ಚಾಲನೆಯ ಟ್ರ್ಯಾಕ್ಟರುಗಳಲ್ಲಿ ಗಟ್ಟಿ ರಸ್ತೆಗೆ ಬಂದೊಡನೆ ಮುಂದಿನ ಚಾಲನೆಯನ್ನು ಬಿಡಿಸಬೇಕು, ಇಲ್ಲದಿದ್ದರೆ ಮುಂದಿನ ಟೈರಿನ ಹಲ್ಲು ಕಣ್ಣೆದುರೇ ಕರಗುತ್ತದೆ. ಅಂತಹ ಟ್ರ್ಯಾಕ್ಟರುಗಳಿಗೆ ಬೇರೆ ಗಾತ್ರದ ಟೈರು ಹಾಕಿದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ವೇಗದ ಹೊಂದಾಣಿಕೆ ತಪ್ಪಿ ಗೇರುಗಳಿಗೂ ಹಾನಿಯಾಗುತ್ತದೆ.

ಮುಳ್ಳು, ಕೂಳೆ, ಕೆಸರು

ಬಯಲುಸೀಮೆಯಲ್ಲಿ ಟೈರಿನ ದೊಡ್ಡ ಶತ್ರು ಬಳ್ಳಾರಿ ಜಾಲಿ. ಇದರ ಮುಳ್ಳು ಒಣಗಿದ ಮೇಲೆ ಮೊಳೆಯಂತೆ ಗಟ್ಟಿಯಾಗುತ್ತದೆ; ಬದುವಿನ ಬೇಲಿ ಸವರಿದ ಕೊಂಬೆಗಳನ್ನು ಬಂಡಿದಾರಿಯಲ್ಲಿ ಎಸೆದರೆ ವರ್ಷವಿಡೀ ಪಂಕ್ಚರ್ ಕಾದಿರುತ್ತದೆ. ಮುಳ್ಳಿನ ತುದಿ ಮುರಿದು ರಬ್ಬರಿನಲ್ಲೇ ಉಳಿದು, ವಾರಗಳ ನಂತರ ಒಳಗಿನ ಟ್ಯೂಬನ್ನು ಚುಚ್ಚುವುದೂ ಉಂಟು. ಆದ್ದರಿಂದ ಪಂಕ್ಚರ್ ಹಾಕುವಾಗ ಟ್ಯೂಬಿಗೆ ತೇಪೆ ಹಾಕಿದರಷ್ಟೇ ಸಾಲದು. ಟೈರಿನ ಒಳಮೈಯನ್ನು ಹಳೆಯ ಬಟ್ಟೆಯಿಂದ ಸವರಿ ನೋಡಬೇಕು. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ಮುಳ್ಳಿದೆ. ಬರಿಗೈಯಿಂದ ಸವರಬಾರದು.

ತೊಗರಿ, ಹತ್ತಿ, ಮೆಕ್ಕೆಜೋಳದ ಹೊಲಗಳಲ್ಲಿ ಓರೆಯಾಗಿ ಕತ್ತರಿಸಿದ ಕೂಳೆ ಈಟಿಯಂತೆ ನಿಂತಿರುತ್ತದೆ. ಕಟಾವಾದ ತಕ್ಷಣ ಸಾಲಿಗೆ ಅಡ್ಡವಾಗಿ ಉಳುವುದರಿಂದ ಟೈರಿನ ಮಗ್ಗುಲು ಮತ್ತು ಹಲ್ಲುಗಳ ಸಂದಿ ಸೀಳುತ್ತದೆ. ಮೊದಲ ಸುತ್ತಿನಲ್ಲಿ ಚಕ್ರ ಸಾಲುಗಳ ನಡುವೆ ಹೋಗುವಂತೆ ಚಕ್ರದ ಅಂತರವನ್ನು ಹೊಂದಿಸಿಕೊಳ್ಳಬೇಕು, ಸಾಧ್ಯವಿದ್ದಲ್ಲಿ ಕೂಳೆಯನ್ನು ನೆಲಮಟ್ಟಕ್ಕೆ ಕೊಯ್ಯಿಸಬೇಕು ಅಥವಾ ರೋಟರಿ ಸ್ಲ್ಯಾಷರಿನಿಂದ ಪುಡಿ ಮಾಡಿಸಬೇಕು.

ಭತ್ತದ ಗದ್ದೆಯಲ್ಲಿ ಬಳಸುವ ಕಬ್ಬಿಣದ ಕೇಜ್ ವೀಲ್ ಟೈರನ್ನು ರಕ್ಷಿಸುತ್ತದೆ, ಹೂತುಹೋಗದಂತೆ ತಡೆಯುತ್ತದೆ. ಆದರೆ ಅದನ್ನು ಕಳಚದೆ ಒಂದು ಗದ್ದೆಯಿಂದ ಇನ್ನೊಂದಕ್ಕೆ ಡಾಂಬರು ರಸ್ತೆಯಲ್ಲಿ ಹೋಗುವುದು ರಸ್ತೆಗೂ ಕೇಡು, ಆಕ್ಸೆಲಿಗೂ ಕೇಡು. ಕೆಲಸ ಮುಗಿದ ಮೇಲೆ ರಿಮ್ಮಿನ ಬೋಲ್ಟುಗಳನ್ನು ಮತ್ತೆ ಬಿಗಿಮಾಡಬೇಕು.

ಟ್ರೇಲರ್ ಟೈರುಗಳು

ಟ್ರ್ಯಾಕ್ಟರಿಗೆ ಹೊಸ ಟೈರು ಹಾಕಿಸುವ ರೈತರೇ ಟ್ರೇಲರಿಗೆ, ಅಂದರೆ ಉತ್ತರ ಕರ್ನಾಟಕದ ಮಾತಿನಲ್ಲಿ ಡಬ್ಬಿಗೆ, ಲಾರಿಯಿಂದ ಕಳಚಿದ ಹಳೆಯ ಟೈರು ಹಾಕಿಸುವುದನ್ನು ಎಲ್ಲೆಡೆ ಕಾಣಬಹುದು. ಹೆಚ್ಚು ಭಾರ ಹೊರುವುದು, ಹೆಚ್ಚು ಬಿಸಿಯಾಗುವುದು ಇವೇ. ಟ್ರೇಲರಿನಲ್ಲಿ ಬಳಸುವ 7.50-16, 9.00-16, 9.00-20 ಮುಂತಾದ ಟೈರುಗಳಿಗೆ ಟ್ರ್ಯಾಕ್ಟರಿನ ಹಿಂದಿನ ಟೈರಿಗಿಂತ ಹಲವು ಪಟ್ಟು ಹೆಚ್ಚು ಗಾಳಿ ಬೇಕು; ನಿಖರ ಅಂಕಿ ಆಯಾ ಟೈರಿನ ಮಗ್ಗುಲಲ್ಲೇ ಗರಿಷ್ಠ ಭಾರದ ಜೊತೆಗೆ ಅಚ್ಚಾಗಿರುತ್ತದೆ. ಆ ಗರಿಷ್ಠ ಭಾರವನ್ನು ಚಕ್ರಗಳ ಸಂಖ್ಯೆಯಿಂದ ಗುಣಿಸಿ, ಟ್ರೇಲರಿನ ಸ್ವಂತ ತೂಕವನ್ನು ಕಳೆದರೆ ಟೈರುಗಳು ತಾಳುವ ಹೇರಿನ ಮಿತಿ ಸಿಗುತ್ತದೆ. ನೋಂದಣಿ ಪತ್ರದಲ್ಲಿ ಅದಕ್ಕಿಂತ ಕಡಿಮೆ ತೂಕಕ್ಕೆ ಅನುಮತಿ ಇದ್ದರೆ ಅದೇ ಮಿತಿ. ಕಬ್ಬಿನ ಹಂಗಾಮಿನಲ್ಲಿ ಈ ಲೆಕ್ಕ ಮಾಡಿ ನೋಡಿದರೆ ಎಷ್ಟೋ ಟ್ರೇಲರುಗಳು ಮಿತಿ ದಾಟಿರುವುದು ಕಾರ್ಖಾನೆಯ ತೂಕದ ಚೀಟಿಯಿಂದಲೇ ಗೊತ್ತಾಗುತ್ತದೆ. ಸರದಿ ಸಿಗುವುದು ತಡ, ಬಾಡಿಗೆ ಟನ್ನಿನ ಲೆಕ್ಕದಲ್ಲಿ. ಹೆಚ್ಚು ಹೇರುವ ಒತ್ತಡ ಎಲ್ಲಿಂದ ಬರುತ್ತದೆಂಬುದು ತಿಳಿಯದ ಸಂಗತಿಯಲ್ಲ. ಆದರೂ ಗಾಳಿ ಹೆಚ್ಚಿಸಿ ಮಿತಿ ಮೀರಿದ ಭಾರವನ್ನು ಸರಿದೂಗಿಸಲು ಬರುವುದಿಲ್ಲ. ಟೈರು ತಡೆದರೂ ರಿಮ್, ಹಬ್, ಬ್ರೇಕು ತಡೆಯಬೇಕಲ್ಲ.

ಎರಡು ಚಕ್ರದ ಟ್ರೇಲರಿನಲ್ಲಿ ಹೇರಿನ ಒಂದು ಪಾಲು ಕೊಂಡಿಯ ಮೂಲಕ ಟ್ರ್ಯಾಕ್ಟರಿನ ಹಿಂದಿನ ಟೈರುಗಳ ಮೇಲೆ ಬೀಳುತ್ತದೆ. ಭಾರವನ್ನು ತೀರಾ ಮುಂದಕ್ಕೆ ಹೇರಿದರೆ ಹಿಂದಿನ ಟೈರುಗಳು ಚಪ್ಪಟೆಯಾಗಿ ಮುಂದಿನ ಚಕ್ರ ಹಗುರಾಗುತ್ತದೆ. ತೀರಾ ಹಿಂದಕ್ಕೆ ಹೇರಿದರೆ ಕೊಂಡಿ ಮೇಲೇಳುತ್ತದೆ. ಉದ್ದದ ಪ್ರಯಾಣದಲ್ಲಿ ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಹಬ್ಬಿನ ಬಳಿ ಅಂಗೈ ಹಿಡಿದು ನೋಡಬೇಕು. ಒಂದು ಹಬ್ ಮಾತ್ರ ಉಳಿದವುಗಳಿಗಿಂತ ಹೆಚ್ಚು ಬಿಸಿಯಿದ್ದರೆ ಬೇರಿಂಗ್ ಕೆಟ್ಟಿದೆ ಅಥವಾ ಬ್ರೇಕು ಹಿಡಿದುಕೊಂಡಿದೆ. ಟೈರೇ ಬಿಸಿಯಿದ್ದರೆ ಗಾಳಿ ಕಡಿಮೆ ಅಥವಾ ಭಾರ ಹೆಚ್ಚು.

ರಾತ್ರಿ ವೇಳೆ ಟೈರು ಒಡೆದು ರಸ್ತೆಯಲ್ಲೇ ನಿಂತ ಟ್ರೇಲರ್ ಹಿಂದಿನಿಂದ ಬರುವ ಬೈಕ್ ಸವಾರನ ಕಣ್ಣಿಗೆ ಬೀಳುವುದೇ ಇಲ್ಲ. ಹೊರಚಾಚಿದ ಕಬ್ಬು ಹಿಂದಿನ ದೀಪವನ್ನೂ ಮುಚ್ಚಿರುತ್ತದೆ. ಟ್ರೇಲರಿನ ಹಿಂಬದಿಗೆ ಕೆಂಪು, ಎರಡೂ ಪಕ್ಕಗಳಿಗೆ ಹಳದಿ ಪ್ರತಿಫಲಕ ಪಟ್ಟಿ ಅಂಟಿಸಿರಬೇಕು; ಹೇರಿನ ತುದಿಗೂ ಒಂದು ಕಟ್ಟಬೇಕು. ಸಾಧ್ಯವಿದ್ದಷ್ಟು ಮಟ್ಟಿಗೆ ರಸ್ತೆಯ ಅಂಚಿಗೆ ಸರಿಸಿ, ಹಿಂದೆ ಸಾಕಷ್ಟು ದೂರದಲ್ಲಿ ಪ್ರತಿಫಲಿಸುವ ತ್ರಿಕೋನ ಇಡಬೇಕು. ಚಕ್ರಕ್ಕೆ ಅಡ್ಡ ಕೊಟ್ಟ ಕಲ್ಲುಗಳನ್ನು ಕೆಲಸ ಮುಗಿದ ಮೇಲೆ ಅಲ್ಲೇ ಬಿಟ್ಟು ಹೋಗುವ ಚಾಳಿ ನಮ್ಮ ರಸ್ತೆಗಳಲ್ಲಿ ಬಹಳ ಹಳೆಯದು. ಕತ್ತಲಲ್ಲಿ ಆ ಕಲ್ಲಿಗೆ ಬೀಳುವವನು ಪಕ್ಕದ ಊರಿನವನೇ ಆಗಿರಬಹುದು. ಒಂದು ಜೊತೆ ಮರದ ಅಡ್ಡಗಟ್ಟೆಗಳನ್ನು ಹಗ್ಗ ಕಟ್ಟಿ ಟ್ರೇಲರಿನಲ್ಲೇ ಇಟ್ಟುಕೊಂಡರೆ ಕಲ್ಲು ಹುಡುಕುವ ಪ್ರಮೇಯವೇ ಬರುವುದಿಲ್ಲ.

ಚಕ್ರ ಬಿಚ್ಚುವಾಗ, ಗಾಳಿ ತುಂಬುವಾಗ

ಜಾಕನ್ನು ನೇರವಾಗಿ ಎರೆಮಣ್ಣಿನ ಮೇಲೆ ಇಡಬಾರದು. ದಪ್ಪ ಹಲಗೆಯ ಮೇಲೆ ಇಟ್ಟು, ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟು ಎತ್ತಬೇಕು. ಎತ್ತಿದ ಮೇಲೆ ಗಟ್ಟಿಯಾದ ಮರದ ದಿಮ್ಮಿಯ ಆಸರೆ ಕೊಡಬೇಕು. ಬರೀ ಜಾಕಿನ ಭರವಸೆಯ ಮೇಲೆ ಕೆಳಗೆ ನುಸುಳಬಾರದು.

ಟೈರಿನ ಅಂಚು ರಿಮ್ಮಿಗೆ ಕೂರಿಸಲು ಗಾಳಿ ತುಂಬುವಾಗ ಟ್ರ್ಯಾಕ್ಟರಿನ ಹಿಂದಿನ ಟೈರುಗಳಿಗೆ 35 ಪಿ.ಎಸ್.ಐ. ಮೀರಕೂಡದು. ಕೂರದಿದ್ದರೆ ಗಾಳಿ ಬಿಟ್ಟು, ಅಂಚಿಗೆ ಸಾಬೂನು ನೀರು ಸವರಿ ಮತ್ತೆ ಪ್ರಯತ್ನಿಸಬೇಕು. ಹಠ ಹಿಡಿದು ಗಾಳಿ ಏರಿಸಿದರೆ ಅಂಚಿನೊಳಗಿನ ಉಕ್ಕಿನ ತಂತಿ ತುಂಡಾಗಿ ಟೈರು ಸಿಡಿಯುತ್ತದೆ. ಉದ್ದನೆಯ ಪೈಪು ಬಳಸಿ, ಚಕ್ರದ ಎದುರು ನಿಲ್ಲದೆ ಟೈರಿನ ಹಲ್ಲಿನ ಬದಿಗೆ ದೂರ ನಿಂತು ಗಾಳಿ ತುಂಬಬೇಕು.

ಕೆಲವು ಟ್ರೇಲರ್ ಚಕ್ರಗಳಲ್ಲಿ ಟೈರನ್ನು ಹಿಡಿದಿಡುವುದು ಬಿಡಿಯಾದ ಲಾಕ್ ರಿಂಗ್. ಇದು ತುಕ್ಕು ಹಿಡಿದು, ಬಾಗಿ, ಸರಿಯಾಗಿ ಕೂರದೆ ಇದ್ದಾಗ ಗಾಳಿಯ ಒತ್ತಡಕ್ಕೆ ಹಾರಿ ಎದುರಿಗಿದ್ದವರ ತಲೆ, ಎದೆಗೆ ಬಡಿಯುತ್ತದೆ. ಇದರಿಂದ ಸಾವುಗಳು ಸಂಭವಿಸಿವೆ. ಇಂತಹ ಚಕ್ರಕ್ಕೆ ಗಾಳಿ ತುಂಬುವಾಗ ಕಬ್ಬಿಣದ ಪಂಜರದೊಳಗೆ ಇಡುವುದೇ ಸರಿಯಾದ ಕ್ರಮ. ಪಂಜರವಿಲ್ಲದ ಅಂಗಡಿಯಲ್ಲಿ ಈ ಕೆಲಸ ಮಾಡಿಸದಿರುವುದು ಲೇಸು. ಬಿಚ್ಚುವ ಮೊದಲು ವಾಲ್ವಿನ ಪಿನ್ ತೆಗೆದು ಗಾಳಿ ಸಂಪೂರ್ಣ ಹೋಗಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಹಾಗೆಯೇ, ಟೈರು ಇರುವಾಗ ರಿಮ್ಮಿಗೆ ವೆಲ್ಡಿಂಗ್ ಮಾಡಿಸಕೂಡದು. ಗಾಳಿ ತೆಗೆದಿದ್ದರೂ ಸರಿಯೇ, ಶಾಖಕ್ಕೆ ರಬ್ಬರಿನಿಂದ ಹೊಮ್ಮುವ ಅನಿಲ ಒಳಗೆ ಹೊತ್ತಿಕೊಂಡು ಟೈರು ಬಾಂಬಿನಂತೆ ಸ್ಫೋಟಿಸಬಹುದು. ಟೈರನ್ನು ಪೂರ್ತಿ ಕಳಚಿದ ಮೇಲೆಯೇ ವೆಲ್ಡಿಂಗ್.

ಬಿಡುವಿನ ಕಾಲ ಮತ್ತು ಹೊಸ ಟೈರು

ತಿಂಗಳುಗಟ್ಟಲೆ ಬಳಸದ ಟ್ರೇಲರನ್ನು ಆಕ್ಸೆಲಿನ ಕೆಳಗೆ ದಿಮ್ಮಿ ಕೊಟ್ಟು ಎತ್ತಿ ನಿಲ್ಲಿಸಿದರೆ ಟೈರುಗಳು ಒಂದೇ ಕಡೆ ಚಪ್ಪಟೆಯಾಗುವುದಿಲ್ಲ. ಬಿಸಿಲು ರಬ್ಬರನ್ನು ಬಿರಿಯಿಸುತ್ತದೆ, ಡೀಸೆಲ್ ಹಾಗೂ ಆಯಿಲ್ ಅದನ್ನು ಮೆತ್ತಗೆ ಮಾಡುತ್ತವೆ, ಯೂರಿಯಾ ಮುಂತಾದ ಗೊಬ್ಬರ ರಿಮ್ಮನ್ನು ತಿನ್ನುತ್ತದೆ. ಗೊಬ್ಬರ ಅಥವಾ ಔಷಧ ಸಾಗಿಸಿದ ದಿನವೇ ಚಕ್ರಗಳನ್ನು ನೀರಿನಿಂದ ತೊಳೆಯಬೇಕು. ಬಿಡಿ ಟೈರುಗಳನ್ನು ನೆರಳಿನಲ್ಲಿ ನಿಲ್ಲಿಸಿ ಇಡಬೇಕು, ಒಂದರ ಮೇಲೊಂದು ಪೇರಿಸಬಾರದು.

ಹಲ್ಲಿನ ಎತ್ತರ ಹೊಸದಿದ್ದಾಗಿನ ಕಾಲುಭಾಗಕ್ಕೆ ಇಳಿದಾಗ ಹೊಲದ ಕೆಲಸಕ್ಕೆ ಆ ಟೈರು ಲಾಭದಾಯಕವಲ್ಲ. ಮಗ್ಗುಲಲ್ಲಿ ನೂಲು ಕಾಣುವಷ್ಟು ಬಿರುಕು ಅಥವಾ ಉಬ್ಬು ಇದ್ದರೆ ಹಲ್ಲು ಉಳಿದಿದ್ದರೂ ರಸ್ತೆಗೆ ತರಬಾರದು. ಹಿಂದಿನ ಎರಡು ಟೈರುಗಳನ್ನು ಜೊತೆಯಾಗಿಯೇ ಬದಲಿಸಬೇಕು. ಹೊಸ ಟೈರಿಗೆ ಹಳೆಯ ಟ್ಯೂಬು ಹಾಕಬಾರದು. ಹಿಗ್ಗಿದ ಟ್ಯೂಬು ಒಳಗೆ ಮಡಚಿಕೊಂಡು ಆ ಮಡಿಕೆಯಲ್ಲೇ ಹರಿಯುತ್ತದೆ. ಹೊಸ ಹಲ್ಲು ಕೂರಿಸಿದ ರೀಟ್ರೆಡ್ ಟೈರುಗಳು ಒಳಗಿನ ನೂಲು ಗಟ್ಟಿಯಿದ್ದರೆ ಹಿಂದಿನ ಚಕ್ರಗಳಿಗೆ ಹೊಲದ ಕೆಲಸಕ್ಕೆ ಬಳಸಬಹುದು. ದಿಕ್ಕು ತಿರುಗಿಸುವ ಮುಂದಿನ ಚಕ್ರಗಳಿಗೆ ಬೇಡ.

ತರಕಾರಿ, ಹಾಲು ಸಾಗಿಸುವ ಪಿಕಪ್ ಮತ್ತು ಮನೆಯ ಕಾರಿಗೂ ಇದೇ ತತ್ವ. ಖಾಲಿ ಇದ್ದಾಗ ಮತ್ತು ಹೇರಿದಾಗ ಎಷ್ಟು ಗಾಳಿ ಬೇಕೆಂಬ ಪಟ್ಟಿ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಥವಾ ಕೈಪಿಡಿಯಲ್ಲಿ ಇರುತ್ತದೆ. ಈ ವಾಹನಗಳಲ್ಲಿ ಹಲ್ಲಿನ ಆಳ 1.6 ಮಿ.ಮೀ.ಗೆ ಇಳಿದರೆ, ಅಂದರೆ ಸಂದಿಯೊಳಗಿನ ಸಣ್ಣ ಉಬ್ಬುಗಳ ಮಟ್ಟಕ್ಕೆ ಸವೆದರೆ, ಟೈರನ್ನು ಬದಲಿಸಬೇಕು. ಮಳೆಗಾಲದಲ್ಲಿ ಅಲ್ಲಿಯವರೆಗೂ ಕಾಯದಿರುವುದು ಕ್ಷೇಮ. ಸ್ಟೆಪ್ನಿಯ ಗಾಳಿಯನ್ನೂ ತಿಂಗಳಿಗೊಮ್ಮೆ ನೋಡಬೇಕು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಮುಂಗಾರು ಪೂರ್ವ ತರಬೇತಿಗಳಲ್ಲಿ ಟೈರಿನ ವಿಷಯವನ್ನು ಭಾಷಣವಾಗಿ ಹೇಳುವುದಕ್ಕಿಂತ ಮೇಲೆ ವಿವರಿಸಿದ ಹತ್ತು ಸುತ್ತಿನ ಪ್ರಯೋಗವನ್ನು ಹೊಲದಲ್ಲೇ ಮಾಡಿ ತೋರಿಸುವುದು ಹೆಚ್ಚು ಪರಿಣಾಮಕಾರಿ. ಒಂದೇ ಟ್ರ್ಯಾಕ್ಟರಿನಲ್ಲಿ ಮೊದಲು 20 ಪಿ.ಎಸ್.ಐ., ನಂತರ 12 ಪಿ.ಎಸ್.ಐ. ಗಾಳಿಯಿಟ್ಟು ಎರಡೂ ಬಾರಿ ದೂರವನ್ನು ರೈತರಿಂದಲೇ ಅಳೆಯಿಸಬೇಕು. ಇದಕ್ಕೆ ಸುಣ್ಣ, ಟೇಪು, ಗೇಜು ಸಾಕು. ಗಾಳಿ ಮತ್ತೆ ತುಂಬಿಕೊಳ್ಳಲು ಸಣ್ಣ ಪಂಪು ಜೊತೆಗಿರಲಿ. ಕೃಷಿ ಯಂತ್ರಧಾರೆ ಕೇಂದ್ರಗಳ ಬಾಡಿಗೆ ಟ್ರ್ಯಾಕ್ಟರುಗಳಲ್ಲಿ ಚಾಲಕರು ಬದಲಾಗುತ್ತಿರುತ್ತಾರೆ, ಒತ್ತಡಕ್ಕೆ ಯಾರೂ ಹೊಣೆಗಾರರಾಗಿರುವುದಿಲ್ಲ. ಆದ್ದರಿಂದ ಹೊಲದ ಒತ್ತಡ ಮತ್ತು ರಸ್ತೆಯ ಒತ್ತಡ ಎರಡನ್ನೂ ಮಡ್‌ಗಾರ್ಡಿನ ಮೇಲೆ ಬಣ್ಣದಲ್ಲಿ ಬರೆಸಿ, ಯಂತ್ರ ಹೊರಡುವಾಗ ಅಳೆದ ಅಂಕಿಯನ್ನು ಲಾಗ್ ಪುಸ್ತಕದಲ್ಲಿ ಗಂಟೆಗಳ ಲೆಕ್ಕದ ಪಕ್ಕದಲ್ಲೇ ನಮೂದಿಸುವಂತೆ ವ್ಯವಸ್ಥೆ ಮಾಡಬೇಕು.